'ರನ್' : ಒಂದು ಕ್ರಿಯಾಪದದ ಹುಟ್ಟು ಮತ್ತು ಅರ್ಥಗಳು



ಇಂಗ್ಲಿಷಿನಲ್ಲಿ ಉದ್ದುದ್ದ ಶಬ್ದಗಳು ಕಠಿಣ, ಸಣ್ಣ ಶಬ್ದಗಳು ಸುಲಭ ಎಂದು ನಿಮ್ಮಲ್ಲಿ ಬಹಳ ಜನ ತಿಳಿದಿದ್ದೀರಿ. ಸಂಗತಿ ಇದಕ್ಕೆ ತೀರ ವಿರುದ್ಧವಾಗಿದೆ. 'ಫೋಟೋಸಿಂಥಿಸಿಸ್' ಎಂಬ ಮಾರುದ್ದದ ಶಬ್ದಕ್ಕೆ ಇರುವುದು ಒಂದೇ ಅರ್ಥ. ಅದನ್ನು ಒಮ್ಮೆ ಬಾಯಿಪಾಠ ಮಾಡಿದರೆ ಮುಗಿಯಿತು, ಆಯುಷ್ಯವಿಡೀ ಅದು ನಿಮಗೆ ಮೋಸ ಮಾಡುವುದಿಲ್ಲ. ಆದರೆ ಗೋ, ಗೆಟ್, ಪುಟ್, ಸೆಟ್, ಟೇಕ್, ರನ್ ಮುಂತಾದ ಗೇಣುದ್ದವಿಲ್ಲದ ಕ್ರಿಯಾಪದಗಳು ಸಾಲು ಸಾಲಿಗೆ ವೇಷ ಬದಲಿಸುತ್ತವೆ. ಹತ್ತನೆಯ ತರಗತಿಯ ಪ್ರಶ್ನಪತ್ರಿಕೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳನ್ನು ಎಡವಿಸುವುದು ಈ ಸಣ್ಣವುಗಳೇ. ಇವುಗಳಲ್ಲಿ ಒಂದನ್ನು, ಅಂದರೆ 'ರನ್' ಎಂಬುದನ್ನು, ಇಲ್ಲಿ ತುಸು ಬಿಡಿಸಿ ನೋಡೋಣ.

ಇಂಗ್ಲಿಷಿನ ಅತಿ ದೊಡ್ಡ ನಿಘಂಟು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದರ ಮೊದಲ ಕಂತು 1884ರಲ್ಲಿ ಅಚ್ಚಾಯಿತು, ಕೊನೆಯದು ಮುಗಿದದ್ದು 1928ರಲ್ಲಿ. ಅದರ ಮುಖ್ಯ ಸಂಪಾದಕರಾಗಿದ್ದ ಜೇಮ್ಸ್ ಮರ್ರೆ 1915ರಲ್ಲಿಯೇ ತೀರಿಕೊಂಡಿದ್ದರು. ತಾವು ಕಟ್ಟಿದ ಮನೆಯ ಮಾಳಿಗೆ ಮುಚ್ಚಿದ್ದನ್ನು ಅವರು ಕಾಣಲಿಲ್ಲ. 1989ರಲ್ಲಿ ಇದರ ಎರಡನೆಯ ಆವೃತ್ತಿ 20 ಸಂಪುಟಗಳಲ್ಲಿ ಬಂದಾಗ ಎಲ್ಲಕ್ಕಿಂತ ಉದ್ದವಾದ ನಮೂದು 'ಸೆಟ್' ಎಂಬ ಕ್ರಿಯಾಪದದ್ದಾಗಿತ್ತು: 430ಕ್ಕೂ ಮಿಕ್ಕಿದ ಅರ್ಥಗಳು, ವಿವರಣೆಗೆ ಸುಮಾರು 60,000 ಪದಗಳು. ಅನಂತರ ಮೂರನೆಯ ಆವೃತ್ತಿಗೆಂದು ಒಂದೊಂದೇ ಶಬ್ದವನ್ನು ಹೊಸದಾಗಿ ಪರಿಶೀಲಿಸುತ್ತ ಬಂದಾಗ 'ರನ್' ಅದನ್ನು ಹಿಂದೆ ಹಾಕಿತು. ಈ ಒಂದು ಶಬ್ದದ ಮೇಲೆ ಪೀಟರ್ ಗಿಲಿವರ್ ಎಂಬ ವಿದ್ವಾಂಸರು 9 ತಿಂಗಳು ಕುಳಿತರು. 2011ರಲ್ಲಿ ಲೆಕ್ಕ ಹೊರಬಿದ್ದಾಗ ಕ್ರಿಯಾಪದವಾಗಿ 'ರನ್' ಶಬ್ದಕ್ಕೆ 645 ಅರ್ಥಗಳಿದ್ದವು.

ಈ ಸಂಖ್ಯೆಯನ್ನು ಕೇಳಿ ಎದೆಗುಂದಬೇಡಿರಿ. 645 ಅರ್ಥಗಳನ್ನು ಇಂಗ್ಲೆಂಡಿನ ಮಕ್ಕಳೂ ಬಾಯಿಪಾಠ ಮಾಡುವುದಿಲ್ಲ. ಮರದ ಎಲೆಗಳನ್ನು ಎಣಿಸಿದವರಿಲ್ಲ, ಬೊಡ್ಡೆ ಎಲ್ಲಿದೆಯೆಂದು ತಿಳಿದರೆ ಸಾಕು. ಆದ್ದರಿಂದ ಮೊದಲು ಬೊಡ್ಡೆಯನ್ನು ನೋಡೋಣ.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಧಾತುವಿಗೆ 'ರಿನ್ನನ್' ಎಂಬ ರೂಪವಿತ್ತು. ಅದನ್ನೇ 'ಇರ್ನನ್' ಎಂದೂ ಹೇಳುತ್ತಿದ್ದರು. ಒಂದರಲ್ಲಿ ರಕಾರ ಮುಂದೆ, ಇನ್ನೊಂದರಲ್ಲಿ ಹಿಂದೆ. ಇದೇನು ವಿಚಿತ್ರ ಎನ್ನಬೇಡಿರಿ. ಮಲ್ದಕಲ್ಲಿನ ಮಕ್ಕಳಿಗೆ ಇದು ದಿನವೂ ಕಿವಿಗೆ ಬೀಳುವ ಆಟ. ಮನೆಯಲ್ಲಿ ಕನ್ನಡದಲ್ಲಿ 'ಎರಡು' ಎನ್ನುತ್ತೀರಿ, ಬಾಗಿಲು ದಾಟಿದರೆ ತೆಲುಗಿನಲ್ಲಿ 'ರೆಂಡು'. ನಮ್ಮ 'ಒರಳು' ಅವರಲ್ಲಿ 'ರೋಲು'. ಅಲ್ಲಿಯೂ ರಕಾರ ಒಂದು ಹೆಜ್ಜೆ ಮುಂದೆ ಜಿಗಿದಿದೆ. ಹಕ್ಕಿಗೆ ಈಗ ಹೇಳುವ 'ಬರ್ಡ್' ಎಂಬ ಶಬ್ದವೂ ಹಿಂದೆ 'ಬ್ರಿಡ್' ಆಗಿತ್ತು. ಮನುಷ್ಯರ ನಾಲಗೆ ಎಲ್ಲ ಸೀಮೆಯಲ್ಲಿಯೂ ಒಂದೇ ಬಗೆಯದು.

ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಸ್ಕ್ಯಾಂಡಿನೇವಿಯದ ಜನರು ಇಂಗ್ಲೆಂಡಿಗೆ ಬಂದು ನೆಲೆಸಿದರಷ್ಟೆ. ಅವರ ಭಾಷೆಯಲ್ಲಿಯೂ 'ರಿನ್ನ', 'ರೆನ್ನ' ಎಂಬ ಒಡಹುಟ್ಟಿದ ಶಬ್ದಗಳಿದ್ದವು. ಅವುಗಳ ಬಲದಿಂದ ರಕಾರ ಮುಂದಿರುವ ರೂಪವೇ ಗೆದ್ದು ಉಳಿಯಿತು. ಇನ್ನು 'ರನ್, ರ‍್ಯಾನ್, ರನ್' ಎಂದು ನೀವು ಉರು ಹೊಡೆಯುವಾಗ ಮೊದಲನೆಯದು ಮತ್ತು ಮೂರನೆಯದು ಒಂದೇ ಏಕೆ ಎಂದು ಯಾರಾದರೂ ಕೇಳಿದ್ದೀರಾ? ಹಿಂದೆ ಅವು ಬೇರೆ ಬೇರೆಯೇ ಇದ್ದವು. ಭೂತಕೃದಂತದ ಸ್ವರವು ಕಾಲಾನಂತರದಲ್ಲಿ ವರ್ತಮಾನಕ್ಕೂ ಹಬ್ಬಿತು. ಹಳೆಯ 'ರಿನ್' ಹೋಗಿ ಅಲ್ಲಿಯೂ 'ರನ್' ಬಂದು ಕುಳಿತಿತು.

ಈಗ ಮುಖ್ಯ ಮಾತಿಗೆ ಬರೋಣ. 'ರಿನ್ನನ್' ಎಂದರೆ ಏನು? ಮನುಷ್ಯನೋ ಕುದುರೆಯೋ ಓಡುವುದು ಎಂಬುದು ಅರ್ಧ ಉತ್ತರ. ನೀರು ಹರಿಯುವುದಕ್ಕೂ ಅದೇ ಶಬ್ದ. ಇಂಗ್ಲಿಷಿನ ದಾಯಾದಿ ಭಾಷೆಯಾದ ಜರ್ಮನ್ನಿನಲ್ಲಿ ಇಂದಿಗೂ ನೀರು ಹರಿದರೆ 'ರಿನ್ನೆನ್', ಮನುಷ್ಯ ಓಡಿದರೆ 'ರೆನ್ನೆನ್'. ಅಲ್ಲಿ ಅಣ್ಣತಮ್ಮಂದಿರು ಪಾಲಾದರು, ಇಂಗ್ಲಿಷಿನಲ್ಲಿ ಒಂದೇ ಮನೆಯಲ್ಲಿ ಉಳಿದರು. ಸಣ್ಣ ತೊರೆಗೆ ಇಂಗ್ಲಿಷಿನಲ್ಲಿ 'ರನ್ನಲ್' ಎನ್ನುವುದುಂಟು. ಅಮೆರಿಕದ ಅಂತರ್ಯುದ್ಧದಲ್ಲಿ 1861ರ ಜುಲೈ ತಿಂಗಳಲ್ಲಿ ವರ್ಜೀನಿಯದ 'ಬುಲ್ ರನ್' ಎಂಬಲ್ಲಿ ದೊಡ್ಡ ಕಾಳಗವಾಯಿತು. ಹೆಸರು ಕೇಳಿ ಹೋರಿಗಳನ್ನು ಓಡಿಸುವ ಬಯಲೆಂದು ತಿಳಿಯಬಾರದು, ಅದೊಂದು ಹಳ್ಳದ ಹೆಸರು. ಹಾಲನ್ನು ಗಟ್ಟಿ ಮಾಡಿ ಚೀಸ್ ತೆಗೆಯಲು ಬಳಸುವ 'ರೆನೆಟ್' ಎಂಬ ಪದಾರ್ಥದ ಹೆಸರೂ ಈ ಬಳ್ಳಿಯದೇ. ಹಾಲಿನ ಕಣಗಳು ಒಂದೆಡೆಗೆ ಹರಿದು ಕೂಡಿಕೊಳ್ಳುತ್ತವೆ ಎಂಬ ಭಾವ ಅಲ್ಲಿದೆ.

ಹಾಗಾದರೆ ಇದಕ್ಕೆ ಸರಿಯಾದ ಕನ್ನಡ ಶಬ್ದ ಯಾವುದು? ನಮ್ಮ ಶಾಲಾ ಪದಕೋಶಗಳೆಲ್ಲ 'ರನ್ = ಓಡು' ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ನನ್ನ ಅಭಿಪ್ರಾಯದಲ್ಲಿ ಇದರ ನಿಜವಾದ ಜೊತೆಗಾರ 'ಓಡು' ಅಲ್ಲ, 'ಹರಿ'.

ಹಳಗನ್ನಡದಲ್ಲಿ ಈ ಧಾತು 'ಪರಿ' ಎಂದಿತ್ತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪರಿ ಹರಿಯಾಯಿತು. ಪಕಾರ ಹೇಗಿತ್ತು ಎಂದು ತಿಳಿಯಲು ನೀವು ದೂರ ಹೋಗಬೇಕಿಲ್ಲ. ತೆಲುಗಿನವರು ಇಂದಿಗೂ ಪಾಲು, ಪುಲಿ ಎಂದೇ ಹೇಳುತ್ತಾರೆ. ಹಳೆಯ ಕಾವ್ಯಗಳಲ್ಲಿ 'ಪರಿತಂದನು' ಎಂಬ ರೂಪ ಕಂಡರೆ ಓಡಿ ಬಂದನು, ಧಾವಿಸಿ ಬಂದನು ಎಂದು ಅರ್ಥ. ಹೊಳೆಯೂ ಪರಿಯುತ್ತಿತ್ತು, ವೀರನೂ ಪರಿತರುತ್ತಿದ್ದನು. ಅಂದರೆ ಹಳೆಯ ಇಂಗ್ಲಿಷರ 'ರಿನ್ನನ್' ಹೇಗಿತ್ತೋ ನಮ್ಮ 'ಪರಿ' ಹಾಗೆಯೇ ಇತ್ತು. ಮುಂದೆ ಕನ್ನಡದಲ್ಲಿ ಮನುಷ್ಯರ ಪಾಲಿಗೆ 'ಓಡು', ನೀರಿನ ಪಾಲಿಗೆ 'ಹರಿ' ಎಂದು ಹಂಚಿಕೆಯಾಯಿತು. ತೆಲುಗಿನ 'ಪಾರು' ನೋಡಿರಿ. ಕಾಲುವೆಯಲ್ಲಿ ನೀರು 'ಪಾರುತುಂದಿ', ಕಳ್ಳ 'ಪಾರಿಪೋಯಾಡು'. ಅಲ್ಲಿಯೂ ಹರಿಯುವುದು, ಓಡುವುದು ಒಂದೇ ಧಾತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ನಮ್ಮ ಈ ನಡಿಗಡ್ಡ ಸೀಮೆಯ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಪಾಠ ಬೇರೊಂದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕಾರಹುಣ್ಣಿಮೆಯಲ್ಲಿ ಎತ್ತುಗಳು ಓಡಿ 'ಕರಿ ಹರಿಯುತ್ತವೆ' ಎನ್ನುತ್ತೇವೆ. ಅಂಗಿ ಹರಿಯಿತು ಎನ್ನುತ್ತೇವೆ. ಅದು ಕಿತ್ತುಹೋಗುವ 'ಹರಿ', ಅದರ ಜಾತಿಯೇ ಬೇರೆ. ಅದನ್ನು ಇದರ ಜೊತೆ ಬೆರೆಸಬಾರದು.

'ಹರಿ'ಯನ್ನು ಕೈಯಲ್ಲಿ ಹಿಡಿದುಕೊಂಡು ಈಗ ಇಂಗ್ಲಿಷ್ ವಾಕ್ಯಗಳ ಬಳಿಗೆ ಹೋಗಿರಿ. 'ಹರ್ ನೋಸ್ ಇಸ್ ರನ್ನಿಂಗ್' ಎಂದರೆ ಅವಳ ಮೂಗು ಓಡುತ್ತಿದೆ ಎಂದಲ್ಲ, ಮೂಗು ಸೋರುತ್ತಿದೆ. 'ದ ಟ್ಯಾಪ್ ಇಸ್ ರನ್ನಿಂಗ್' ಎಂದರೆ ನಲ್ಲಿಯಿಂದ ನೀರು ಸುರಿಯುತ್ತಿದೆ. 'ದ ಕಲರ್ಸ್ ರನ್' ಎಂದರೆ ಬಣ್ಣ ಬಿಡುತ್ತದೆ. ಗದ್ವಾಲದ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗು ಇರುವುದು ನಿಮಗೆ ಗೊತ್ತು. ಅಂಚಿನ ಬಣ್ಣ ನೀರಿನೊಡನೆ ಒಡಲಿಗೆ ಹರಿದರೆ ಸೀರೆ ಕೆಟ್ಟಿತು. ಇಂಗ್ಲಿಷಿನವನು ಅದನ್ನೇ 'ರನ್' ಎಂದನು. ಸೋರುವುದು, ಸುರಿಯುವುದು, ಬಿಡುವುದು ಎಂದು ಕನ್ನಡದಲ್ಲಿ ಮೂರು ಕ್ರಿಯಾಪದ ಬಂದವು, ಆದರೆ ಮೂರರ ಒಳಗೂ ಇರುವುದು ಹರಿಯುವ ಕೆಲಸವೇ.

ಇನ್ನೂ ಸೂಕ್ಷ್ಮವಾದ ಕಡೆ ನೋಡಿದರೆ ಎರಡು ಭಾಷೆಗಳು ಒಂದನ್ನೊಂದು ಕೇಳಿ ಮಾತನಾಡಿದಂತೆ ತೋರುತ್ತದೆ. ಪುಸ್ತಕದ ಮೇಲೆ ಕಣ್ಣು ಹರಿಸು ಎನ್ನುತ್ತೇವೆ. ಇಂಗ್ಲಿಷಿನವರು 'ರನ್ ಯುವರ್ ಐಸ್ ಓವರ್ ಇಟ್' ಎನ್ನುತ್ತಾರೆ. ನಾಲಗೆ ಹರಿಬಿಡಬೇಡ ಎಂದು ನಿಮ್ಮ ಅಜ್ಜಿ ಬೈಯುವುದನ್ನು ಅವರು 'ಡೋಂಟ್ ರನ್ ಯುವರ್ ಮೌತ್' ಎನ್ನುತ್ತಾರೆ. ಸಂಗೀತ ಅವರ ಮನೆತನದಲ್ಲಿ ಹರಿದು ಬಂದಿದೆ ಎಂಬುದಕ್ಕೆ 'ಮ್ಯೂಸಿಕ್ ರನ್ಸ್ ಇನ್ ದ ಫ್ಯಾಮಿಲಿ'. ಇಲ್ಲೆಲ್ಲ 'ಓಡು' ಹಾಕಿ ನೋಡಿರಿ, ಅಜ್ಜಿಯೇ ನಕ್ಕಾಳು. 'ಹರಿ' ಹಾಕಿರಿ, ಬೀಗಕ್ಕೆ ಕೀಲಿ ಕೂಡಿದಂತೆ ಕೂಡುತ್ತದೆ.

ರಸ್ತೆಯ ಮಾತೂ ಹೀಗೆಯೇ. 'ದ ರೋಡ್ ರನ್ಸ್ ಫ್ರಮ್ ಗದ್ವಾಲ್ ಟು ಮಲ್ದಕಲ್' ಎಂಬ ವಾಕ್ಯವನ್ನು ಓದಿ ರಸ್ತೆ ಹೇಗೆ ಓಡೀತು ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಕೇಳುವುದು, ನಾವು 'ಈ ರಸ್ತೆ ಎಲ್ಲಿಗೆ ಹೋಗುತ್ತದೆ?' ಎಂದು ಕೇಳುವುದಿಲ್ಲವೆ? ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಬಿದ್ದಲ್ಲಿಯೇ ಬಿದ್ದಿರುತ್ತದೆ. ಹೋಗುವುದು ನಮ್ಮ ಕಣ್ಣು.

ಇದು ಒಂದು ಕವಲು. ಎರಡನೆಯ ಕವಲು ಯಂತ್ರಗಳದ್ದು. ಗಡಿಯಾರ, ಗಿರಣಿ, ಉಗಿಬಂಡಿ ಇವೆಲ್ಲ ಬಂದ ಮೇಲೆ ಅವುಗಳ ಕೆಲಸಕ್ಕೆ ಒಂದು ಕ್ರಿಯಾಪದ ಬೇಕಾಯಿತು. ಇಂಗ್ಲಿಷಿನವರು ಕೈಗೆ ಸಿಕ್ಕ 'ರನ್' ಎತ್ತಿಕೊಂಡರು. ಈ ಶಬ್ದದ ಅರ್ಥಗಳು ಇಷ್ಟು ಬೆಳೆಯಲು ಯಂತ್ರಯುಗವೇ ದೊಡ್ಡ ಕಾರಣ. ಇಲ್ಲಿ ಮಾತ್ರ ನಮ್ಮ 'ಓಡು' ಚೆನ್ನಾಗಿ ಹೊಂದುತ್ತದೆ: ಬಸ್ಸು ಓಡುತ್ತದೆ, ಮೀಟರು ಓಡುತ್ತದೆ. 2013ರಲ್ಲಿ ಗದ್ವಾಲ ರಾಯಚೂರು ಹೊಸ ಮಾರ್ಗದಲ್ಲಿ ಮೊದಲ ಬಾರಿಗೆ ರೈಲು ಓಡಿತು. ಸಿನಿಮಾ 25 ವಾರ ಓಡಿತು ಎಂಬುದೂ ಸರಿಯೇ. ಕ್ರಿಕೆಟ್ಟಿನ 'ರನ್' ಶಬ್ದಕ್ಕೆ ಹಳೆಯ ಪತ್ರಿಕೆಗಳಲ್ಲಿ 'ಓಟ' ಎಂದು ಬರೆಯುತ್ತಿದ್ದುದುಂಟು. 1969ರಲ್ಲಿ ಕಾನ್ಪುರದಲ್ಲಿ ಜಿ. ಆರ್. ವಿಶ್ವನಾಥ್ ತಮ್ಮ ಮೊದಲ ಟೆಸ್ಟಿನಲ್ಲಿಯೇ 137 ಓಟ ಗಳಿಸಿದರು. ಚೆಂಡು ಗೆರೆ ದಾಟಿದರೆ ಒಂದು ಹೆಜ್ಜೆ ಓಡದೆಯೂ ನಾಲ್ಕು ಓಟ ಸಿಗುತ್ತದೆ ಎಂಬುದು ಬೇರೆ ಮಾತು.

ಯಂತ್ರ ಓಡುವುದರಿಂದ ಯಂತ್ರವನ್ನು ಓಡಿಸುವುದು, ಅಲ್ಲಿಂದ ಕಾರ್ಖಾನೆ, ಅಂಗಡಿ, ಶಾಲೆ, ಸರಕಾರಗಳನ್ನು 'ರನ್' ಮಾಡುವುದು ಬಂತು. ವ್ಯವಹಾರ ನಡೆಸುವ ಈ ಅರ್ಥ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ. ನಮ್ಮ ಮಕ್ಕಳು ಹೆಚ್ಚಾಗಿ ಬೀಳುವ ಹೊಂಡ ಇದೇ.

ಒಂದು ವರ್ಷ ಎಂಟನೆಯ ತರಗತಿಯಲ್ಲಿ 'ಮೈ ಫಾದರ್ ರನ್ಸ್ ಎ ಶಾಪ್' ಎಂಬ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಲು ಹೇಳಿದೆನು. ಒಬ್ಬ ಹುಡುಗ ಧೈರ್ಯದಿಂದ ಎದ್ದು 'ನಮ್ಮಪ್ಪ ಅಂಗಡಿ ಓಡ್ತಾನ್ರಿ' ಎಂದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆ ಹುಡುಗನ ತಂದೆ ನಿಜವಾಗಿಯೂ ಕಿರಾಣಿ ಅಂಗಡಿ ನಡೆಸುತ್ತಿದ್ದರು, ಆದ್ದರಿಂದ ನಗೆ ಅವನಿಗೆ ಎರಡು ಪಟ್ಟು ತಾಗಿತು. ಆ ವರ್ಷವೆಲ್ಲ ಅವನು ಇಂಗ್ಲಿಷ್ ತಾಸಿನಲ್ಲಿ ತಾನಾಗಿ ಕೈ ಎತ್ತಲಿಲ್ಲ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಪದಕೋಶ ಅವನಿಗೆ ಒಂದು ಶಬ್ದಕ್ಕೆ ಒಂದೇ ಶಬ್ದ ಕೊಟ್ಟಿತ್ತು, ಅವನು ಅದನ್ನು ನಂಬಿದನು. ನಕ್ಕವರಲ್ಲಿ ಅರ್ಧಕ್ಕರ್ಧ ಜನರಿಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. 'ನಿಮ್ಮ ಅಪ್ಪ ಏನು ಮಾಡ್ತಾರಪಾ?' ಎಂದು ಯಾರಾದರೂ ಸಂತೆಯಲ್ಲಿ ಕೇಳಿದ್ದರೆ ಅದೇ ಹುಡುಗ 'ಅಂಗಡಿ ನಡಸ್ತಾರ' ಎಂದು ಥಟ್ಟನೆ ಹೇಳುತ್ತಿದ್ದನು. ಉತ್ತರ ಅವನ ಬಾಯಲ್ಲಿಯೇ ಇತ್ತು.

ಇಂಗ್ಲಿಷಿನವರು ಓಡಿಸುವ ಅಂಗಡಿಯನ್ನು ಕನ್ನಡದವರು ನಡೆಸುತ್ತಾರೆ. ಶಾಲೆ ನಡೆಯುತ್ತದೆ, ಸಂಸಾರ ನಡೆಯುತ್ತದೆ, ಸಭೆ ನಡೆಯುತ್ತದೆ, ಊರಲ್ಲಿ ಒಬ್ಬೊಬ್ಬರ ಮಾತೂ ನಡೆಯುತ್ತದೆ. 2016ರ ನವೆಂಬರಿನಲ್ಲಿ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳು ನಡೆಯದೆ ಹೋದವು. ತೆಲುಗಿನವರಂತೂ ಬಂಡಿಯನ್ನೇ 'ನಡುಪು'ತ್ತಾರೆ, ನಮ್ಮ ಉರ್ದು ಮಾತಿನವರು 'ಚಲಾ'ಯಿಸುತ್ತಾರೆ. ಅವಸರದ ಜನ ಓಡಿದರು, ಸಾವಧಾನದ ಜನ ನಡೆದರು ಎಂದು ತಮಾಷೆಗೆ ಹೇಳಬಹುದು. ಆದರೆ ಪರೀಕ್ಷೆಯಲ್ಲಿ ನೆನಪಿಡಬೇಕಾದದ್ದು ಇಷ್ಟೆ: 'ರನ್' ಶಬ್ದದ ಮುಂದೆ ಅಂಗಡಿ, ಸಂಸ್ಥೆ, ಮನೆತನ ಇಂಥ ಕರ್ಮಪದ ಬಂದರೆ ಕಣ್ಣು ಮುಚ್ಚಿ 'ನಡೆಸು' ಎಂದು ಬರೆಯಿರಿ.

ಚುನಾವಣೆಯಲ್ಲಿಯಂತೂ ಕನ್ನಡದವರು ನಡೆಯುವುದೂ ಇಲ್ಲ, ನಿಂತೇ ಬಿಡುತ್ತಾರೆ. ಅಮೆರಿಕದವರು ಅಧ್ಯಕ್ಷ ಪದವಿಗೆ 'ರನ್' ಮಾಡುತ್ತಾರೆ, ಕುದುರೆ ಜೂಜಿನ ಓಟದಂತೆ. ಬ್ರಿಟನ್ನಿನವರು ಪಾರ್ಲಿಮೆಂಟಿಗೆ 'ಸ್ಟ್ಯಾಂಡ್' ಆಗುತ್ತಾರೆ. ಒಂದೇ ಇಂಗ್ಲಿಷ್ ಮಾತನಾಡುವ ಎರಡು ದೇಶಗಳಲ್ಲಿ ಒಂದು ಕಡೆ ಓಟ, ಇನ್ನೊಂದು ಕಡೆ ನಿಲುವು. ನಾವು 'ಸರಪಂಚಿಕೆಗೆ ನಿಂತಾನ' ಎನ್ನುವುದು ಬ್ರಿಟಿಷರ ಮಾತಿಗೆ ಹೊಂದುತ್ತದೆ.

ಉಪಸರ್ಗದಂತಹ ಸಣ್ಣ ಶಬ್ದಗಳು ಹಿಂದೆ ಬಂದಾಗ 'ರನ್' ಪೂರ್ತಿ ಬೇರೆಯಾಗುತ್ತದೆ. 'ರನ್ ಔಟ್ ಆಫ್ ರೈಸ್' ಎಂದರೆ ಅಕ್ಕಿ ತೀರಿತು. 'ರನ್ ಇಂಟು ಎ ಫ್ರೆಂಡ್' ಎಂದರೆ ಗೆಳೆಯ ಅಕಸ್ಮಾತ್ ಎದುರಾದನು. ಗೆಳೆಯನ ಬದಲು ಗೋಡೆ ಇದ್ದರೆ ಡಿಕ್ಕಿ ಹೊಡೆದಂತೆ. 'ರನ್ ಓವರ್' ಎಂದರೆ ಗಾಡಿ ಮೈಮೇಲೆ ಹಾಯ್ದದ್ದು. ಇವುಗಳನ್ನು ಬಿಡಿಸಲು ಹೋಗದೆ ಇಡಿಯಾಗಿ ಕಲಿಯಬೇಕು. 'ಕೈಕೊಟ್ಟನು' ಎಂಬುದನ್ನು ಯಾರಾದರೂ 'ಕೈ' ಮತ್ತು 'ಕೊಟ್ಟನು' ಎಂದು ಬಿಡಿಸಿದರೆ ಏನಾದೀತು? ಹಾಗೆಯೇ ಇದು. ಜ್ವರದ ಮಾತು ಇನ್ನೂ ಸ್ವಾರಸ್ಯ. ಇಂಗ್ಲಿಷಿನಲ್ಲಿ ರೋಗಿಯೇ ಕರ್ತೃ, 'ಹಿ ಇಸ್ ರನ್ನಿಂಗ್ ಎ ಟೆಂಪರೇಚರ್'. ಕನ್ನಡದಲ್ಲಿ ಜ್ವರವೇ ಕರ್ತೃ, ಅದು ತಾನಾಗಿ ಬರುತ್ತದೆ. ರೋಗಿ ಸುಮ್ಮನೆ ಮಲಗಿರುತ್ತಾನೆ.

ಒಂದು ಭಾಷೆಯ ಶಬ್ದವನ್ನು ಇನ್ನೊಂದರ ಮೇಲೆ ಹಚ್ಚುವಾಗಿನ ಅಪಾಯ ನಮ್ಮ ಸೀಮೆಯವರಿಗೆ ಹೊಸದಲ್ಲ. ಗದ್ವಾಲ ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು, ಅನಂತರ ಮಹಬೂಬನಗರಕ್ಕೆ ಸೇರಿದವು. 2016ರಿಂದ ಮಲ್ದಕಲ್ ಇರುವುದು ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿ. ಗೆರೆಗಳು ಸರಿದರೂ ಮನೆಮನೆಯ ಮಾತು ಬೆರೆತೇ ಇದೆ. ಕಬಡ್ಡಿ ಆಡುವಾಗ ತೆಲುಗು ಹುಡುಗ 'ಓಡಿಪೋಯಾಡು' ಎಂದು ಕೂಗಿದರೆ ಕನ್ನಡದ ಕಿವಿಗೆ 'ಓಡಿಹೋದ' ಎಂದೇ ಕೇಳಿಸುತ್ತದೆ. ಅವನು ಹೇಳಿದ್ದು 'ಸೋತುಹೋದ' ಎಂದು. ಯುದ್ಧಭೂಮಿಯಲ್ಲಿ ಓಡಿದವನೂ ಸೋತವನೂ ಒಬ್ಬನೇ ಆಗಿರುತ್ತಾನೆ, ಆದ್ದರಿಂದ ಎರಡು ಅರ್ಥಗಳು ಬಹಳ ದೂರದವಲ್ಲ. ಈ ವ್ಯತ್ಯಾಸವನ್ನು ನಿಮಗೆ ಯಾವ ಮಾಸ್ತರರೂ ಕಲಿಸಲಿಲ್ಲ. ಅಂಗಳದಲ್ಲಿ ಆಡುತ್ತ ತಾನಾಗಿ ತಿಳಿದಿರಿ. ಎರಡು ಮೂರು ಭಾಷೆಗಳ ನಡುವೆ ಅರ್ಥವನ್ನು ತೂಗಿ ನೋಡುವ ಈ ಕಸುಬು ಇಂಗ್ಲಿಷ್ ತಾಸಿನಲ್ಲಿಯೂ ನಿಮ್ಮ ಕೈಯಲ್ಲಿ ಇದೆ ಎಂಬುದನ್ನು ಯಾರೂ ನಿಮಗೆ ಹೇಳಿಲ್ಲ, ಅದಕ್ಕಾಗಿ ನಾನು ಹೇಳುತ್ತಿದ್ದೇನೆ.

ಆದುದರಿಂದ 'ರನ್' ಕಂಡ ಕೂಡಲೆ ಅದರ ಅರ್ಥವೇನು ಎಂದು ಕೇಳಬೇಡಿರಿ. ಏನು ರನ್ ಆಗುತ್ತಿದೆ ಎಂದು ಮೊದಲು ಕೇಳಿರಿ. ನೀರೋ, ಯಂತ್ರವೋ, ರಸ್ತೆಯೋ, ಅಂಗಡಿಯೋ? ಅದು ತಿಳಿದರೆ, ಆ ವಸ್ತುವಿಗೆ ನಿಮ್ಮ ಮನೆಯಲ್ಲಿ ಯಾವ ಕ್ರಿಯಾಪದ ಬಳಸುತ್ತಾರೋ ಅದನ್ನೇ ಬರೆಯಿರಿ. ರಜೆಯಲ್ಲಿ ಕೈಗೆ ಬಂದ ಇಂಗ್ಲಿಷ್ ಪತ್ರಿಕೆಯೊಂದನ್ನು ತೆಗೆದುಕೊಂಡು ಈ ಶಬ್ದ ಎಲ್ಲೆಲ್ಲಿ ಬಂದಿದೆಯೆಂದು ಪೆನ್ಸಿಲಿನಿಂದ ಗುರುತು ಹಾಕಿ, ಪ್ರತಿಯೊಂದಕ್ಕೂ ಮನೆಮಾತಿನ ಕ್ರಿಯಾಪದ ಹುಡುಕಿರಿ. ಆರಂಭಕ್ಕೆ ಒಂದನ್ನು ನಾನೇ ಕೊಡುತ್ತೇನೆ. 'ದ ವೆಲ್ ರನ್ಸ್ ಡ್ರೈ ಇನ್ ಸಮ್ಮರ್.' ಹರಿಯುವ ಕ್ರಿಯಾಪದದ ಮಗ್ಗುಲಲ್ಲಿಯೇ ಒಣಗಿದ ಗುಣವಾಚಕ ಕುಳಿತಿದೆ. ಬಾವಿ ಬೇಸಿಗೆಯಲ್ಲಿ ಏನಾಗುತ್ತದೆ ಎಂದು ನಿಮ್ಮ ಹೊಲದ ಕಡೆಯ ಹಿರಿಯರನ್ನು ಕೇಳಿ ಬರೆಯಿರಿ.